ವರ್ಷಾಂತಿಕ ಮುಗಿದ ಮೇಲೂ ಅತ್ತರೆ ಅದು ಕಾಯಿಲೆಯಾ?

ಅಮೆರಿಕದ ಮನೋವೈದ್ಯರ ಸಂಘ 2022ರ ಮಾರ್ಚ್‌ನಲ್ಲಿ ತನ್ನ ಕೈಪಿಡಿಗೆ ಹೊಸ ಕಾಯಿಲೆಯೊಂದನ್ನು ಸೇರಿಸಿತು. ಹೆಸರು ಪ್ರೊಲಾಂಗ್ಡ್ ಗ್ರೀಫ್ ಡಿಸಾರ್ಡರ್, ಅಂದರೆ ಬಹಳ ಕಾಲ ಬಿಡದೆ ಕಾಡುವ ಸಾವಿನ ದುಃಖ. ಸುದ್ದಿ ನಮ್ಮ ಮೊಬೈಲಿಗೆ ಬರುವಷ್ಟರಲ್ಲಿ ಅದು ಒಂದೇ ಸಾಲಾಗಿತ್ತು: ‘ವರ್ಷಕ್ಕಿಂತ ಜಾಸ್ತಿ ದುಃಖಪಟ್ಟರೆ ಅದು ಮಾನಸಿಕ ಕಾಯಿಲೆ.’ ಆ ಸಾಲು ಈಗಲೂ ಆಗಾಗ ತಿರುಗಿ ಬರುತ್ತದೆ, ಓದಿದವರನ್ನು ಗಾಬರಿ ಮಾಡುತ್ತದೆ.

ಇನ್ನೊಂದು ಸುದ್ದಿ ನಮ್ಮದೇ ದಕ್ಷಿಣ ಕನ್ನಡ ಜಿಲ್ಲೆಯದು. 2024ರ ಮೇ ತಿಂಗಳಲ್ಲಿ ಪುತ್ತೂರಿನ ಒಂದು ಕುಟುಂಬ ಪತ್ರಿಕೆಯಲ್ಲಿ ವರ ಬೇಕಾಗಿದೆ ಎಂದು ಜಾಹೀರಾತು ಕೊಟ್ಟಿತ್ತು. ವಧು ಸುಮಾರು ಮೂವತ್ತು ವರ್ಷದ ಹಿಂದೆ ತೀರಿಕೊಂಡ ಮಗಳು. ವರನೂ ಅದೇ ಹೊತ್ತಿಗೆ ತೀರಿಕೊಂಡವನಾಗಿರಬೇಕು. ತುಳುನಾಡಿನವರಿಗೆ ಪ್ರೇತ ಮದುವೆ ಹೊಸತಲ್ಲ. ಹೊರಗಿನವರು ಮಾತ್ರ ಬಾಯಿ ಮೇಲೆ ಬೆರಳಿಟ್ಟುಕೊಂಡು ಓದಿದರು.

ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಗೊಂದಲ ಆಗುವುದು ಸಹಜ. ಒಂದು ವರ್ಷ ಮೀರಿದ ದುಃಖ ಕಾಯಿಲೆ ಎಂದಾದರೆ, ಮೂವತ್ತು ವರ್ಷದ ಹಿಂದೆ ಹೋದ ಮಗಳಿಗೆ ಸೀರೆ ಬಳೆ ತರುವ ತಾಯಿಯನ್ನು ಏನೆನ್ನಬೇಕು? ಗಂಡ ಹೋಗಿ ಎರಡು ವರ್ಷವಾದರೂ ಸಂಜೆ ಗೇಟಿನ ಸದ್ದಾದರೆ ಎದ್ದು ಬಾಗಿಲಿಗೆ ಬರುವ ಹೆಂಗಸನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಾ?

ಸಂಶೋಧನೆಗಳನ್ನು ಸ್ವಲ್ಪ ನಿಧಾನವಾಗಿ ಓದಿದರೆ ಒಂದು ವಿಷಯ ಗಟ್ಟಿಯಾಗಿ ಕಾಣುತ್ತದೆ. ನಾವೆಲ್ಲ ತಿಂಗಳ ಲೆಕ್ಕದ ಮೇಲೆ ಜಗಳ ಮಾಡುತ್ತಿದ್ದೇವೆ. ಆದರೆ ದುಃಖ ಹಗುರವಾಗುವುದು, ಭಾರವಾಗುವುದು ಎಷ್ಟೋ ಮಟ್ಟಿಗೆ ಮನೆಯೊಳಗೆ ಉಳಿದವರು ಒಬ್ಬರಿಗೊಬ್ಬರು ಹೇಗಿದ್ದಾರೆ ಎಂಬುದರ ಮೇಲಿದೆ.

ಕೈಪಿಡಿಯಲ್ಲಿ ನಿಜಕ್ಕೂ ಏನಿದೆ

ಅಮೆರಿಕದ ಕೈಪಿಡಿಯ ಹೆಸರು ಡಿಎಸ್‌ಎಂ. ಅದರ ಪ್ರಕಾರ ಹತ್ತಿರದವರು ತೀರಿಕೊಂಡು ದೊಡ್ಡವರಿಗಾದರೆ ಕನಿಷ್ಠ ಹನ್ನೆರಡು ತಿಂಗಳು, ಮಕ್ಕಳಿಗಾದರೆ ಆರು ತಿಂಗಳು ಕಳೆದಿರಬೇಕು. ಅದು ಮೊದಲ ಷರತ್ತು ಮಾತ್ರ. ಕಳೆದ ಒಂದು ತಿಂಗಳಿಂದ ಹೆಚ್ಚುಕಡಿಮೆ ಪ್ರತಿದಿನ ಹೋದವರಿಗಾಗಿ ತೀವ್ರವಾಗಿ ಹಂಬಲಿಸುತ್ತಿರಬೇಕು, ಅಥವಾ ಬೇರೆ ಏನೂ ತಲೆಗೆ ಹೋಗದಷ್ಟು ಅವರದೇ ಯೋಚನೆ ಇರಬೇಕು. ಜತೆಗೆ ಎಂಟು ಲಕ್ಷಣಗಳ ಪೈಕಿ ಮೂರಾದರೂ ಇರಬೇಕು. ನನ್ನೊಳಗಿನ ಒಂದು ಭಾಗವೇ ಸತ್ತಿತು ಅನ್ನಿಸುವುದು, ಸಾವನ್ನು ನಂಬಲಿಕ್ಕೇ ಆಗದಿರುವುದು, ಮನಸ್ಸು ಮರಗಟ್ಟುವುದು, ಬದುಕಿಗೆ ಅರ್ಥವೇ ಇಲ್ಲ ಅನ್ನಿಸುವುದು, ಇಂಥವು. ಇದರಿಂದ ದಿನದ ಬದುಕು ಕೆಟ್ಟಿರಬೇಕು. ಕೊನೆಗೆ, ಈ ದುಃಖ ಆ ಮನುಷ್ಯನ ಸಮುದಾಯ, ಧರ್ಮ, ಪದ್ಧತಿಯಲ್ಲಿ ಸಾಮಾನ್ಯ ಅನ್ನಿಸುವ ಮಿತಿಯನ್ನು ಸ್ಪಷ್ಟವಾಗಿ ಮೀರಿರಬೇಕು.

ಮೊಬೈಲಿನ ಆ ಒಂದು ಸಾಲಿನಲ್ಲಿ ಬಿಟ್ಟುಹೋದದ್ದರಲ್ಲಿ ಮುಖ್ಯವಾದದ್ದು ಈ ಕೊನೆಯ ಷರತ್ತು. ಪ್ರೇತ ಮದುವೆ ಮಾಡಿಸುವ ಮನೆಯವರು ತಮ್ಮ ಊರಿನ ಪದ್ಧತಿಯನ್ನು ಮೀರಿಲ್ಲ, ಅದನ್ನೇ ನಡೆಸಿದ್ದಾರೆ. ಅಷ್ಟರಿಂದಲೇ ಅವರಿಗೆ ಕಾಯಿಲೆ ಎನ್ನಲು ಕೈಪಿಡಿಯಲ್ಲೂ ಅವಕಾಶವಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಬೇರೆ. ಅದು ಐಸಿಡಿ-11. 2019ರಲ್ಲಿ ಒಪ್ಪಿಗೆ ಪಡೆದು 2022ರ ಜನವರಿಯಿಂದ ಜಾರಿಗೆ ಬಂದಿದೆ. ಅದರಲ್ಲಿ ಕಾಲದ ಮಿತಿ ಆರು ತಿಂಗಳು. ಒಂದೇ ಕಾಯಿಲೆಗೆ ಒಂದು ಕಡೆ ಆರು ತಿಂಗಳು, ಇನ್ನೊಂದು ಕಡೆ ಹನ್ನೆರಡು. ತಿಂಗಳ ಸಂಖ್ಯೆ ಪ್ರಕೃತಿ ಬರೆದದ್ದಲ್ಲ, ತಜ್ಞರು ಕೂತು ಎಳೆದ ಗೆರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ ಅಲ್ವಾ?

ಬೇಕು ಎನ್ನುವವರು, ಬೇಡ ಎನ್ನುವವರು

ಹಾಲಿ ಪ್ರಿಗರ್ಸನ್, ಕ್ಯಾಥರೀನ್ ಶಿಯರ್ ಮೊದಲಾದ ಅಮೆರಿಕದ ಸಂಶೋಧಕರು ಈ ಹೆಸರಿಗಾಗಿ ಹಲವು ವರ್ಷ ದುಡಿದವರು. ಅವರ ವಾದ ಸರಳ. ಹೆಚ್ಚಿನವರು ಕಾಲಕ್ರಮದಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಲವರು ಮಾತ್ರ ಮೊದಲ ವಾರದಲ್ಲಿ ಇದ್ದಲ್ಲೇ ಸಿಕ್ಕಿಕೊಳ್ಳುತ್ತಾರೆ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ, ಸಹಜ ಸಾವು ಕಂಡ ಮನೆಗಳ ದೊಡ್ಡವರಲ್ಲಿ ಇಂಥವರು ಸುಮಾರು ಹತ್ತರಲ್ಲಿ ಒಬ್ಬರು ಎಂದು ಬಂತು. ಅಪಘಾತ, ಕೊಲೆ, ಆತ್ಮಹತ್ಯೆಯಂಥ ಸಾವುಗಳಲ್ಲಿ ಈ ಪ್ರಮಾಣ ಬಹಳ ಏರುತ್ತದೆ. ಕಾಯಿಲೆಗೆ ಹೆಸರೇ ಇಲ್ಲದಿದ್ದರೆ ಡಾಕ್ಟರು ಅದನ್ನು ಡಿಪ್ರೆಶನ್ ಎಂದುಕೊಂಡು ಅದರ ಮಾತ್ರೆ ಬರೆಯುತ್ತಾರೆ. ಅದರಿಂದ ಹಂಬಲ ಹೋಗುವುದಿಲ್ಲ.

ಇದಕ್ಕೆ ಪುರಾವೆಯೂ ಇದೆ. ಶಿಯರ್ ತಂಡ ಸುಮಾರು ಹದಿನಾರು ಭೇಟಿಗಳ ಒಂದು ಮಾತಿನ ಚಿಕಿತ್ಸೆ ರೂಪಿಸಿತು. 2014ರಲ್ಲಿ ವಯಸ್ಸಾದವರ ಮೇಲೆ ನಡೆದ ಪರೀಕ್ಷೆಯಲ್ಲಿ ಈ ಚಿಕಿತ್ಸೆ ಪಡೆದವರ ಪೈಕಿ ನೂರಕ್ಕೆ ಸುಮಾರು 70 ಮಂದಿ ಸುಧಾರಿಸಿದರು. ಡಿಪ್ರೆಶನ್‌ಗೆ ಕೊಡುವ ಮಾತಿನ ಚಿಕಿತ್ಸೆ ಪಡೆದವರಲ್ಲಿ ಸುಧಾರಿಸಿದ್ದು ನೂರಕ್ಕೆ 32. ಎರಡು ವರ್ಷದ ನಂತರ 395 ಮಂದಿಯ ಮೇಲೆ ಇನ್ನೊಂದು ಪರೀಕ್ಷೆ ನಡೆಯಿತು. ಡಿಪ್ರೆಶನ್ ಮಾತ್ರೆ ಸೇರಿಸಿದ್ದರಿಂದ ದುಃಖದ ಚಿಕಿತ್ಸೆಗೆ ಹೇಳಿಕೊಳ್ಳುವಂಥ ಸಹಾಯ ಆಗಲಿಲ್ಲ. ಜತೆಗಿದ್ದ ಡಿಪ್ರೆಶನ್ ಮಾತ್ರ ಅದರಿಂದ ಕಡಿಮೆಯಾಯಿತು. ‘ದುಃಖಕ್ಕೆ ಮಾತ್ರೆ ಮಾರಲು ಇದೆಲ್ಲ’ ಎನ್ನುವವರು ಈ ಫಲಿತಾಂಶವನ್ನೂ ಗಮನಿಸಬೇಕು.

ವಿರೋಧಿಸುವವರ ಮಾತಿನಲ್ಲೂ ಹುರುಳಿದೆ. 2013ರಲ್ಲಿ ಇದೇ ಕೈಪಿಡಿ ಒಂದು ರಿಯಾಯಿತಿಯನ್ನು ತೆಗೆದುಹಾಕಿತ್ತು. ಅದಕ್ಕೂ ಮೊದಲು, ಸಾವಾಗಿ ಎರಡು ತಿಂಗಳ ಒಳಗೆ ಕಾಣುವ ಡಿಪ್ರೆಶನ್ ಲಕ್ಷಣಗಳನ್ನು ಸಾಮಾನ್ಯವಾಗಿ ಕಾಯಿಲೆ ಎಂದು ಲೆಕ್ಕಿಸುತ್ತಿರಲಿಲ್ಲ. ಒಂಬತ್ತು ವರ್ಷದ ನಂತರ ದುಃಖಕ್ಕೇ ಒಂದು ಹೆಸರು ಬಂತು. ಹೀಗೆ ಗೆರೆ ಸರಿಯುತ್ತಾ ಹೋದರೆ ಮಗುವನ್ನು ಕಳೆದುಕೊಂಡ ತಾಯಿಯ ಮೇಲೆ ‘ರೋಗಿ’ ಎಂಬ ಚೀಟಿ ಅಂಟುತ್ತದೆ, ಅವಳು ಇನ್ನೂ ಒಂಟಿಯಾಗುತ್ತಾಳೆ ಎಂಬುದು ಅವರ ಭಯ. ನೆರೆಹೊರೆಯವರೂ ‘ಅದು ಡಾಕ್ಟರ ಕೆಲಸ’ ಎಂದು ಹಿಂದೆ ಸರಿಯಬಹುದು. ಈ ಭಯವನ್ನು ತಳ್ಳಿಹಾಕುವಂತಿಲ್ಲ.

ಹಾಗಂತ ಎಲ್ಲರಿಗೂ ಕೌನ್ಸೆಲಿಂಗ್ ಕೊಡಿಸಿದರೆ ಒಳ್ಳೆಯದಾ? ಅದೂ ಅಲ್ಲ. 2008ರಲ್ಲಿ 61 ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ಸಾವಾಯಿತು ಎಂಬ ಒಂದೇ ಕಾರಣಕ್ಕೆ ಎಲ್ಲರಿಗೂ ಕೊಡುವ ಕೌನ್ಸೆಲಿಂಗ್‌ನಿಂದ ಪ್ರಯೋಜನ ಕಾಣಲಿಲ್ಲ. ನಿಜವಾಗಿ ಕಷ್ಟದಲ್ಲಿದ್ದವರಿಗೆ ಮಾತ್ರ ಸಹಾಯವಾಗಿತ್ತು.

‘ಅವಳಿಗಾಗಿ ಗಟ್ಟಿಯಾಗಿದ್ದೆ’

ಈ ಜಗಳದ ಎರಡು ಕಡೆಯವರೂ ದುಃಖವನ್ನು ಒಬ್ಬ ಮನುಷ್ಯನ ತಲೆಯೊಳಗಿನ ವಿಷಯ ಎಂಬಂತೆ ನೋಡುತ್ತಾರೆ. ನೆದರ್‌ಲ್ಯಾಂಡ್ಸ್‌ನ ಯೂಟ್ರೆಕ್ಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಮಾರ್ಗರೆಟ್ ಸ್ಟ್ರೋಬ ಮತ್ತು ಅವರ ತಂಡ ಕೇಳಿದ ಪ್ರಶ್ನೆ ಬೇರೆ. ಮನೆಯಲ್ಲಿ ಒಬ್ಬರು ದುಃಖವನ್ನು ನುಂಗಿಕೊಂಡರೆ ಇನ್ನೊಬ್ಬರಿಗೆ ಏನಾಗುತ್ತದೆ?

ಅವರು ಮಗುವನ್ನು ಕಳೆದುಕೊಂಡ 219 ದಂಪತಿಗಳನ್ನು ಹುಡುಕಿದರು. ಹುಡುಕಿದ್ದು ಪತ್ರಿಕೆಗಳ ನಿಧನ ವಾರ್ತೆಗಳ ಮೂಲಕ. (ಬೆಳಿಗ್ಗೆ ಪೇಪರ್ ಬಂದ ಕೂಡಲೇ ನಿಧನದ ಪುಟ ತೆರೆಯುವ ನಮ್ಮ ಕರಾವಳಿಯವರಿಗೆ ಈ ದಾರಿ ಚೆನ್ನಾಗಿ ಅರ್ಥವಾಗುತ್ತದೆ.) ಹೋದ ಮಕ್ಕಳಲ್ಲಿ ಹುಟ್ಟುವಾಗಲೇ ತೀರಿಕೊಂಡ ಕೂಸುಗಳೂ ಇದ್ದವು, ಬೆಳೆದು ದೊಡ್ಡವರಾದವರೂ ಇದ್ದರು. ಸಾವಾಗಿ ಆರು, ಹದಿಮೂರು, ಇಪ್ಪತ್ತು ತಿಂಗಳಿಗೆ, ಹೀಗೆ ಮೂರು ಸಲ ಗಂಡನನ್ನೂ ಹೆಂಡತಿಯನ್ನೂ ಪ್ರಶ್ನೆ ಕೇಳಿದರು. ನಿಮ್ಮವರಿಗಾಗಿ ಗಟ್ಟಿಯಾಗಿ ಇರಲು ನೋಡುತ್ತೀರಾ? ಅವರಿಗೆ ನೋವಾಗಬಾರದೆಂದು ಮಗುವಿನ ಮಾತೇ ಎತ್ತದೆ ಇರುತ್ತೀರಾ?

ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಸಂಗಾತಿಗಾಗಿ ದುಃಖವನ್ನು ಮುಚ್ಚಿಟ್ಟವರಲ್ಲಿ ಕಾಲ ಕಳೆದಂತೆ ದುಃಖ ಹೆಚ್ಚೇ ಉಳಿಯಿತು. ಅಷ್ಟೇ ಅಲ್ಲ, ಯಾರ ಒಳಿತಿಗೆಂದು ಮುಚ್ಚಿಟ್ಟರೋ ಆ ಸಂಗಾತಿಯ ದುಃಖವೂ ಹೆಚ್ಚಾಗಿತ್ತು.

ಕಾರಣ ಏನಿರಬಹುದು? ಒಂದು, ಮುಖ ಬದಲಾಯಿಸಿಕೊಂಡು ಇರುವುದೇ ದೊಡ್ಡ ಕೆಲಸ. ಇಡೀ ದಿನ ಆ ಕೆಲಸ ಮಾಡಿದವರಿಗೆ ತಮ್ಮ ನೋವನ್ನು ನೋಡಿಕೊಳ್ಳಲು ತ್ರಾಣ ಉಳಿಯುವುದಿಲ್ಲ. ಎರಡು, ಮುಚ್ಚಿಟ್ಟದ್ದು ಎದುರಿನವರಿಗೆ ಬೇರೆ ಥರ ಕಾಣುತ್ತದೆ. ಗಂಡ ಹನ್ನೊಂದನೇ ದಿನಕ್ಕೇ ಅಂಗಡಿ ತೆರೆದ, ಊಟ ಮಾಡಿದ, ಮಗನ ಹೆಸರು ಎತ್ತಲಿಲ್ಲ. ಹೆಂಡತಿ ಅಂದುಕೊಳ್ಳುತ್ತಾಳೆ: ಇವರಿಗೆ ಏನೂ ಅನ್ನಿಸುವುದೇ ಇಲ್ಲ. ಅವಳು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಅಳುತ್ತಾಳೆ. ಕೆಂಪಾದ ಕಣ್ಣು ನೋಡಿದ ಗಂಡ ‘ಮಾತಾಡಿದರೆ ಇನ್ನೂ ಅಳುತ್ತಾಳೆ’ ಎಂದು ಮತ್ತೊಂದು ಗಂಟೆ ಅಂಗಡಿಯಲ್ಲೇ ಇರುತ್ತಾನೆ. ಇಬ್ಬರೂ ಪ್ರೀತಿಯಿಂದಲೇ ಇದನ್ನೆಲ್ಲ ಮಾಡುತ್ತಿದ್ದಾರೆ. ಆದರೆ ಒಂದೇ ಮನೆಯಲ್ಲಿ ಇಬ್ಬರೂ ಒಂಟಿ.

ನಮ್ಮ ಸಾವಿನ ಮನೆಗಳಲ್ಲಿ ಕೇಳುವ ಮಾತುಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ‘ಮನಸ್ಸು ಗಟ್ಟಿ ಮಾಡಿಕೋ.’ ‘ಅಮ್ಮನ ಎದುರು ಅಳಬೇಡ ಮಾರಾಯ್ತಿ.’ ‘ಮಕ್ಕಳ ಮುಖ ನೋಡಿ ಸಮಾಧಾನ ಮಾಡಿಕೋ.’ ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಪ್ರತಿಯೊಬ್ಬರಿಗೂ ಇನ್ನೊಬ್ಬರಿಗಾಗಿ ಮುಚ್ಚಿಡು ಎಂದು ಹೇಳುತ್ತಾ ಹೋದರೆ, ಆ ಯೂಟ್ರೆಕ್ಟ್ ದಂಪತಿಗಳ ಕಥೆ ಇಡೀ ಮನೆಗೆ ಹರಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಹಾಗಾದರೆ ಎಲ್ಲರನ್ನೂ ಕೂರಿಸಿ ಅಳಿಸಬೇಕು ಎಂದು ಇದರರ್ಥವಲ್ಲ. ಇದೇ ಸ್ಟ್ರೋಬ ಮತ್ತು ಸಂಗಡಿಗರು 2002ರಲ್ಲಿ, ದುಃಖ ಹೇಳಿಕೊಂಡಷ್ಟೂ ಬೇಗ ಚೇತರಿಕೆ ಎಂಬ ನಂಬಿಕೆಯನ್ನು ಪರೀಕ್ಷಿಸಿದ್ದರು. ಅದಕ್ಕೆ ಆಧಾರ ಸಿಗಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಬೊನಾನೊ ಅವರ ಕೆಲಸವೂ ಇದನ್ನೇ ಹೇಳುತ್ತದೆ: ಜಾಸ್ತಿ ಅಳದೆ ಚೇತರಿಸಿಕೊಳ್ಳುವವರು ಬಹಳ ಮಂದಿ ಇದ್ದಾರೆ, ಅವರ ಪ್ರೀತಿಗೆ ಕೊರತೆ ಏನಿಲ್ಲ. ಅಳು ಬಾರದವನನ್ನು ಕಲ್ಲುಹೃದಯದವನು ಎನ್ನಬೇಕಾಗಿಲ್ಲ. ಅಳು ಬಂದವನು ಬಚ್ಚಿಡಬೇಕಾಗಿಯೂ ಇಲ್ಲ. ಎರಡನ್ನೂ ಒಟ್ಟಿಗೆ ಹಿಡಿದರೆ ಈ ಸಂಶೋಧನೆ ಸರಿಯಾಗಿ ಅರ್ಥವಾಗುತ್ತದೆ.

ಸ್ಟ್ರೋಬ ಮತ್ತು ಹೆಂಕ್ ಸ್ಕುಟ್ 1999ರಲ್ಲಿ ಕೊಟ್ಟ ಇನ್ನೊಂದು ವಿವರಣೆ ಇಲ್ಲಿ ಸಹಾಯಕ್ಕೆ ಬರುತ್ತದೆ. ದುಃಖದಲ್ಲಿರುವವರು ಎರಡು ಕಡೆಗೆ ತೂಗುತ್ತಿರುತ್ತಾರೆ. ಒಂದು ಹೊತ್ತು ಹೋದವರ ಕಡೆಗೆ: ಫೋಟೋ, ನೆನಪು, ಅಳು. ಇನ್ನೊಂದು ಹೊತ್ತು ಬದುಕಿನ ಕಡೆಗೆ: ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಫೀಸು, ತೋಟಕ್ಕೆ ನೀರು. ಈ ತೂಗಾಟವೇ ಆರೋಗ್ಯ. ತೊಂದರೆ ಬರುವುದು ಒಂದೇ ಕಡೆ ನಿಂತುಬಿಟ್ಟಾಗ. ಮನೆಯಲ್ಲಿ ಇಬ್ಬರ ತೂಗಾಟ ಒಂದೇ ತಾಳದಲ್ಲಿ ಇರುವುದಿಲ್ಲ. ಅವನು ಪಾಸ್‌ಬುಕ್ ಹಿಡಿದಿರುವಾಗ ಅವಳ ಕೈಯಲ್ಲಿ ಫೋಟೋ ಇರುತ್ತದೆ. ಇದು ಗೊತ್ತಿದ್ದರೆ ಅರ್ಧ ಜಗಳ ಕಡಿಮೆಯಾಗುತ್ತದೆ.

ಮಕ್ಕಳ ವಿಷಯ

ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡ ಮಕ್ಕಳ ಬಗ್ಗೆ ವಿಲಿಯಂ ವರ್ಡನ್ ಮತ್ತು ಫಿಲಿಸ್ ಸಿಲ್ವರ್‌ಮನ್ ಬಾಸ್ಟನ್ನಿನಲ್ಲಿ ಅಧ್ಯಯನ ನಡೆಸಿದರು. 70 ಕುಟುಂಬ, 125 ಮಕ್ಕಳು, ಎರಡು ವರ್ಷ. ಮಗು ಹೇಗೆ ಚೇತರಿಸಿಕೊಳ್ಳುತ್ತದೆ ಎಂಬುದು ಎಲ್ಲಕ್ಕಿಂತ ಹೆಚ್ಚಾಗಿ ಉಳಿದ ತಂದೆ ಅಥವಾ ತಾಯಿ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಹೊಂದಿಕೊಂಡಿತ್ತು. ಇನ್ನೊಂದು ಸಂಗತಿಯೂ ಕಂಡಿತು. ಕೆಲವು ಮಕ್ಕಳ ತೊಂದರೆ ಮೊದಲ ವರ್ಷದಲ್ಲಿ ಅಷ್ಟಾಗಿ ಹೊರಗೆ ಬಂದಿರಲಿಲ್ಲ, ಎರಡನೇ ವರ್ಷದಲ್ಲಿ ಬಂತು. ನೆಂಟರೆಲ್ಲ ಹೊರಟು, ಫೋನುಗಳು ನಿಂತು, ಶಾಲೆಯಲ್ಲೂ ಎಲ್ಲರೂ ಮರೆತ ಹೊತ್ತು ಅದು.

ಅರಿಜೋನಾದ ಮನಶ್ಶಾಸ್ತ್ರಜ್ಞ ಅರ್ವಿನ್ ಸ್ಯಾಂಡ್ಲರ್ ಇದನ್ನೇ ಹಿಡಿದು ಇನ್ನೊಂದು ಹೆಜ್ಜೆ ಇಟ್ಟರು. ಮಕ್ಕಳ ಜತೆಗೆ ಉಳಿದ ಹೆತ್ತವರಿಗೂ ತರಬೇತಿ ಕೊಟ್ಟರು. ಮಗುವಿನ ಮಾತು ಪೂರ್ತಿ ಕೇಳುವುದು, ಮನೆಯ ದಿನಚರಿ ತಪ್ಪದಂತೆ ನೋಡಿಕೊಳ್ಳುವುದು, ಒಟ್ಟಿಗೆ ಹೊತ್ತು ಕಳೆಯುವುದು. 156 ಕುಟುಂಬಗಳ 244 ಮಕ್ಕಳ ಮೇಲೆ ಇದನ್ನು ಪರೀಕ್ಷಿಸಲಾಯಿತು. ಆರು ವರ್ಷದ ನಂತರ ನೋಡಿದಾಗಲೂ ತರಬೇತಿ ಪಡೆದ ಮನೆಗಳ ಮಕ್ಕಳಲ್ಲಿ ಕಾಡುವ ದುಃಖ ಕಡಿಮೆಯಿತ್ತು.

ಅಪ್ಪ ಗಲ್ಫಿನಲ್ಲಿ, ಅಮ್ಮ ಊರಲ್ಲಿ, ಅಜ್ಜಿ ಮನೆಯಲ್ಲಿ ಮಕ್ಕಳು, ಹೀಗೆ ಹರಡಿಕೊಂಡಿರುವ ನಮ್ಮ ಮನೆಗಳಿಗೆ ಇದು ಬಹಳ ಮುಖ್ಯ. ಅಮ್ಮ ತೀರಿಕೊಂಡು, ಅಪ್ಪ ಹದಿನೈದು ದಿನದ ರಜೆ ಮುಗಿಸಿ ವಾಪಸು ವಿಮಾನ ಹತ್ತಿದರೆ, ಆ ಮಗುವಿಗೆ ‘ಉಳಿದ ಹೆತ್ತವರು’ ಯಾರು? ಅಜ್ಜಿ, ಚಿಕ್ಕಮ್ಮ, ಸೋದರಮಾವ. ತಾಯಿಯ ಕಡೆಯಿಂದ ವಂಶ, ಆಸ್ತಿ ಲೆಕ್ಕ ಹಾಕುವ ಅಳಿಯಸಂತಾನದ ಕಾನೂನು ಹೋದರೂ ಸೋದರಮಾವನ ಸ್ಥಾನ ಇಲ್ಲಿನ ಹಲವು ಮನೆಗಳಲ್ಲಿ ಹೋಗಿಲ್ಲ. ಆಸ್ಪತ್ರೆಯಲ್ಲಿ ಅಪ್ಪ ಅಮ್ಮನ ಬಗ್ಗೆ ಮಾತ್ರ ಕೇಳಿದರೆ ಮಗುವನ್ನು ನಿಜವಾಗಿ ನೋಡಿಕೊಳ್ಳುತ್ತಿರುವ ಮನುಷ್ಯ ಲೆಕ್ಕದಿಂದಲೇ ಬಿಟ್ಟುಹೋಗುತ್ತಾನೆ.

ಆಟಿಯ ಎಲೆ

ಫ್ರಾಯ್ಡ್ 1917ರಲ್ಲಿ ಹೇಳಿದ ಮಾತನ್ನು ಪಶ್ಚಿಮದ ವೈದ್ಯರು ಬಹಳ ಕಾಲ ನಂಬಿದ್ದರು: ಹೋದವರ ನಂಟನ್ನು ನಿಧಾನವಾಗಿ ಬಿಡಿಸಿಕೊಂಡರೆ ಮಾತ್ರ ದುಃಖ ಮುಗಿಯುತ್ತದೆ. 1996ರಲ್ಲಿ ಡೆನಿಸ್ ಕ್ಲಾಸ್, ಸಿಲ್ವರ್‌ಮನ್ ಮತ್ತು ಸಂಗಡಿಗರು ಇದನ್ನು ಪ್ರಶ್ನಿಸಿದರು. ಜನ ನಂಟು ಬಿಡುವುದಿಲ್ಲ, ಅದರ ರೂಪ ಬದಲಾಯಿಸಿಕೊಳ್ಳುತ್ತಾರೆ, ಅದು ಕಾಯಿಲೆಯಲ್ಲ ಎಂದರು. ಅಲ್ಲಿ ಇದು ದೊಡ್ಡ ತಿರುವು. ತುಳುನಾಡಿನ ಅಜ್ಜಿಯಂದಿರಿಗೆ ಇದು ಮೊದಲೇ ಗೊತ್ತಿತ್ತು ಎಂದು ಹೆಮ್ಮೆಯಿಂದಲೇ ಹೇಳಬಹುದು.

ತುಳುವರ ಮಳೆಗಾಲದ ಆಟಿ ತಿಂಗಳಲ್ಲಿ ಕುಲೆಗಳಿಗೆ, ಅಂದರೆ ಮನೆಯಿಂದ ಹೋದವರಿಗೆ ಬಡಿಸುವುದನ್ನು ನೋಡಿ. ಕೊಡಿ ಬಾಳೆಎಲೆ ಹಾಕುತ್ತಾರೆ. ರೊಟ್ಟಿ, ಕೋಳಿ ಸಾರು, ಹೋದವರಿಗೆ ಇಷ್ಟವಿದ್ದ ತಿಂಡಿ. ಕೆಲವು ಮನೆಗಳಲ್ಲಿ ಬಡಿಸಿ, ಬಾಗಿಲು ಎಳೆದು, ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ಕೂರುತ್ತಾರೆ. ಆಗ ಮಾತು ಶುರುವಾಗುತ್ತದೆ. ‘ಅವರಿಗೆ ಉಪ್ಪು ಒಂಚೂರು ಜಾಸ್ತಿ ಬೇಕಿತ್ತು.’ ‘ಬಂಗುಡೆ ಇಲ್ಲದಿದ್ದರೆ ಊಟಕ್ಕೇ ಕೂರುತ್ತಿರಲಿಲ್ಲ.’ ಅಜ್ಜನನ್ನು ನೋಡದ ಮೊಮ್ಮಗ ಅಜ್ಜನ ನಾಲಿಗೆಯ ರುಚಿ ಕಲಿಯುತ್ತಾನೆ. ಯಾರದ್ದಾದರೂ ಕಣ್ಣು ತುಂಬಿದರೆ ಯಾರೂ ಗಾಬರಿ ಆಗುವುದಿಲ್ಲ. ಯಾರಿಗಾಗಿಯೂ ಯಾರೂ ಮುಚ್ಚಿಡಬೇಕಾಗಿಲ್ಲದ ಒಂದು ಗಂಟೆ ಅದು.

ಹದಿಮೂರನೇ ದಿನದ ಬೊಜ್ಜ ಎಂಬ ಉತ್ತರಕ್ರಿಯೆ, ಕ್ರೈಸ್ತರು ನವೆಂಬರ್ 2ರಂದು ಇಗರ್ಜಿಯ ಸಮಾಧಿಗಳಿಗೆ ಹೂ ಇಟ್ಟು ಮೇಣದಬತ್ತಿ ಹಚ್ಚುವುದು, ಮುಸ್ಲಿಂ ಹೆಂಗಸರ ನಾಲ್ಕು ತಿಂಗಳು ಹತ್ತು ದಿನದ ಇದ್ದತ್, ಇವೆಲ್ಲ ದುಃಖಕ್ಕೆ ಕಾಲ ಮತ್ತು ಜಾಗ ಕೊಡುತ್ತವೆ. ಆದರೆ ಪದ್ಧತಿ ಇದ್ದ ಮಾತ್ರಕ್ಕೆ ಎಲ್ಲ ಸರಿ ಎನ್ನುವಂತಿಲ್ಲ. ಬೊಜ್ಜಕ್ಕೆ ಸಾವಿರ ಜನರ ಊಟ ಹಾಕಿ ಸಾಲ ಮಾಡಿಕೊಂಡ ಮನೆಯಲ್ಲಿ ದುಃಖದ ಜತೆಗೆ ಅಣ್ಣತಮ್ಮಂದಿರ ಲೆಕ್ಕದ ಜಗಳವೂ ಸೇರುತ್ತದೆ. ವಿಧವೆಯನ್ನು ಶುಭಕಾರ್ಯದಲ್ಲಿ ಹಿಂದೆ ನಿಲ್ಲಿಸುವ ಪದ್ಧತಿ ಅವಳನ್ನು ಬದುಕಿನ ಕಡೆಗೆ ತೂಗಲು ಬಿಡುವುದೇ ಇಲ್ಲ. ಇಂಥದ್ದನ್ನು ನಮ್ಮ ಸಂಸ್ಕೃತಿ ಎಂದು ಸಮರ್ಥಿಸಬಾರದು.

ಶವ ಸಿಗದ ಸಾವು

ಕರಾವಳಿಗೆ ಇನ್ನೊಂದು ಬಗೆಯ ದುಃಖ ಗೊತ್ತು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟಿನಲ್ಲಿ ಏಳು ಮೀನುಗಾರರಿದ್ದರು. ಎರಡು ದಿನದಲ್ಲಿ ಸಂಪರ್ಕ ಕಡಿಯಿತು. 2019ರ ಮೇ ಆರಂಭದಲ್ಲಿ ಮಹಾರಾಷ್ಟ್ರದ ಮಾಲ್ವಣ್ ಬಳಿ ಸಮುದ್ರದ ತಳದಲ್ಲಿ ಬೋಟಿನ ಅವಶೇಷ ಸಿಕ್ಕಿತು ಎಂದು ನೌಕಾಪಡೆ ಹೇಳಿತು. ಮನುಷ್ಯರು ಸಿಗಲಿಲ್ಲ. ನಡುವಿನ ನಾಲ್ಕೂವರೆ ತಿಂಗಳು ಆ ಮನೆಗಳಲ್ಲಿ ಬೊಜ್ಜ ಮಾಡುವಂತಿರಲಿಲ್ಲ, ಮಾಡದೆ ಇರುವುದೂ ಕಷ್ಟ. 2010ರ ಮೇ 22ರಂದು ಮಂಗಳೂರಿನ ವಿಮಾನ ದುರಂತದಲ್ಲಿ 158 ಮಂದಿ ತೀರಿಕೊಂಡಾಗಲೂ ಗುರುತೇ ಸಿಗದ ಕೆಲವು ಶವಗಳನ್ನು ಕೂಳೂರಿನಲ್ಲಿ ಒಟ್ಟಿಗೆ ಮಣ್ಣು ಮಾಡಬೇಕಾಯಿತು.

ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿದ ಪಾಲಿನ್ ಬಾಸ್ ಇದನ್ನು ಸ್ಪಷ್ಟವಾಗದ ಅಗಲಿಕೆ ಎಂದು ಕರೆದರು. ಇಲ್ಲಿ ಮನೆಯವರೇ ಎರಡು ಪಾಲಾಗುತ್ತಾರೆ. ‘ಬರುತ್ತಾನೆ’ ಎನ್ನುವ ತಾಯಿಗೆ ‘ಇನ್ನು ಬರುವುದಿಲ್ಲ’ ಎನ್ನುವ ಮಗ ದ್ರೋಹಿಯಂತೆ ಕಾಣುತ್ತಾನೆ. ಎರಡೂ ನಂಬಿಕೆಗಳಿಗೆ ಒಂದೇ ಮನೆಯಲ್ಲಿ ಜಾಗ ಕೊಡುವುದನ್ನು ಕಲಿಯಬೇಕು, ಒಬ್ಬರು ಗೆಲ್ಲುವುದು ಬೇಡ ಎಂಬುದು ಬಾಸ್ ಹೇಳಿಕೊಟ್ಟ ದಾರಿ. ಡಿಎಸ್‌ಎಂ ಲೆಕ್ಕ ಶುರುವಾಗುವುದೇ ಸಾವಿನಿಂದ. ಸಾವು ಖಚಿತವಾಗದ ಈ ಮನೆಗಳಿಗೆ ಆ ಕ್ಯಾಲೆಂಡರ್ ಉಪಯೋಗಕ್ಕೇ ಬರುವುದಿಲ್ಲ. ಕಾನೂನಿನ ಕ್ಯಾಲೆಂಡರ್ ಇನ್ನೂ ಉದ್ದ: ಏಳು ವರ್ಷ ಸುದ್ದಿಯಿಲ್ಲದಿದ್ದರೆ ತೀರಿಕೊಂಡರು ಎಂದು ಭಾವಿಸಬಹುದು ಎನ್ನುತ್ತದೆ ಸಾಕ್ಷ್ಯ ಕಾನೂನು.

ಮುಂದೇನಾಗಬಹುದು

ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆ, ಐಸಿಡಿಯಂಥ ಒಪ್ಪಿತ ಮಾನದಂಡದಂತೆ ಕಾಯಿಲೆಯನ್ನು ನಿರ್ಧರಿಸಬೇಕು ಎನ್ನುತ್ತದೆ. ದೇಹದ ಕಾಯಿಲೆಗೆ ಸಿಗುವಂತೆ ಮನಸ್ಸಿನ ಕಾಯಿಲೆಗೂ ಆರೋಗ್ಯ ವಿಮೆ ಸಿಗಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ಹಾಗಾಗಿ ಈ ಹೊಸ ಹೆಸರಿನಿಂದ ನಿಜವಾಗಿ ಕಷ್ಟದಲ್ಲಿರುವವರಿಗೆ ಚಿಕಿತ್ಸೆಯ ಬಾಗಿಲು ತೆರೆಯಬಹುದು. ಸಮುದಾಯದ ನಂಬಿಕೆಗೆ ಹೊಂದಿಕೊಳ್ಳಲಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಎನ್ನಬಾರದು ಎಂಬ ಮಾತೂ ಆ ಕಾಯ್ದೆಯಲ್ಲಿದೆ. ಆಟಿಗೆ ಬಡಿಸುವುದನ್ನು ಬಿಟ್ಟವರನ್ನೂ ಹಣೆಗೆ ಕುಂಕುಮ ಇಟ್ಟುಕೊಂಡು ಕೆಲಸಕ್ಕೆ ಹೋಗುವ ವಿಧವೆಯನ್ನೂ ಅದು ಕಾಯುತ್ತದೆ.

ಅಪಾಯ ಇರುವುದು ಅವಸರದ ತಪಾಸಣೆಯಲ್ಲಿ. ಐದು ನಿಮಿಷದ ಒಪಿಡಿಯಲ್ಲಿ ‘ಎಷ್ಟು ತಿಂಗಳಾಯಿತು?’ ಎಂದು ಮಾತ್ರ ಕೇಳಿ ಮಾತ್ರೆ ಬರೆದರೆ ವಿರೋಧಿಗಳ ಭಯ ನಿಜವಾಗುತ್ತದೆ. ಕರಾವಳಿಯಲ್ಲಿ ಮೆಡಿಕಲ್ ಕಾಲೇಜುಗಳಿಗೆ ಕೊರತೆಯಿಲ್ಲ, ಮನೋವೈದ್ಯರೂ ಇದ್ದಾರೆ. ಹದಿನಾರು ಸಲ ಕೂರಿಸಿ, ಮನೆಯವರನ್ನೂ ಕರೆಸಿ, ತುಳು, ಕೊಂಕಣಿ, ಬ್ಯಾರಿಯಲ್ಲಿ ಮಾತಾಡಿಸಬಲ್ಲ ಆಪ್ತಸಮಾಲೋಚಕರು ಬೇಕು. ಅಳು ಯಾವಾಗಲೂ ಮನೆಮಾತಿನಲ್ಲೇ ಬರುತ್ತದೆ ತಾನೇ?

ಇನ್ನು, ಯಾವಾಗ ಹೋಗಬೇಕು? ಹೋದವರ ನೆನಪಿಗೆ ಅಳು ಬಂದರೆ ಅವಸರವಿಲ್ಲ, ಎಷ್ಟು ವರ್ಷವಾದರೂ. ಆದರೆ ತಿಂಗಳುಗಟ್ಟಲೆ ಅಡುಗೆ, ಸ್ನಾನ, ಕೆಲಸ ಯಾವುದಕ್ಕೂ ಮನಸ್ಸೇಳದಿದ್ದರೆ, ಮನೆಯವರ ಮುಖ ನೋಡಲೂ ಆಗದಿದ್ದರೆ, ‘ನಾನೂ ಅವರ ಹತ್ತಿರ ಹೋಗುತ್ತೇನೆ’ ಎಂಬ ಮಾತು ಬಂದರೆ ಆರು ತಿಂಗಳೂ ಬೇಡ, ವರ್ಷವೂ ಬೇಡ. ಅವತ್ತೇ ಮಾತಾಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ತೆರೆದಿರುತ್ತದೆ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಫೋನು ಮಾಡುವಾಗ ಮನೆಯ ಇನ್ನೊಬ್ಬರು ಪಕ್ಕದಲ್ಲಿ ಕೂತಿದ್ದರೆ ಇನ್ನೂ ಒಳ್ಳೆಯದು.